ಪದಚರ್ಚೆ: ಫ್ರೆಂಚ್ ಕಂಪನಿಯ ‘ಸಿಯೆಜ್ ಸೊಸಿಯಾಲ್’ ಬದಲಾವಣೆ – ಕನ್ನಡದಲ್ಲಿ ಏನನ್ನೋಣ? (ತುರ್ತು)

ಕರಾರುಪತ್ರ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗ್ಗೆ ಹತ್ತೂವರೆಗೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾಜರಿರಬೇಕು, ಅಷ್ಟರೊಳಗೆ ಒಂದು ಪದ ಬೇಕು.

ಫ್ರಾನ್ಸಿನ ಒಂದು ಕಂಪನಿ, ಬೆಂಗಳೂರಿನಲ್ಲಿ ಅದಕ್ಕೊಂದು ಶಾಖೆ. ನೆಲಮಂಗಲದ ಕಡೆ ಒಬ್ಬರ ಕಟ್ಟಡ ಬಾಡಿಗೆಗೆ ಹಿಡಿದಿದ್ದಾರೆ. ಫ್ರಾನ್ಸಿನಲ್ಲಿ ಕಂಪನಿ ಈಗ ತನ್ನ ‘ಸಿಯೆಜ್ ಸೊಸಿಯಾಲ್’ (ಕಾನೂನಿನ ಲೆಕ್ಕದಲ್ಲಿ ಕಂಪನಿ ಇರುವ ಜಾಗ) ಅನ್ನು ಪ್ಯಾರಿಸ್ ಪಕ್ಕದ ನಾಂತೇರ್‌ನಿಂದ ಲಿಯೋನ್‌ಗೆ ಬದಲಾಯಿಸಿಕೊಂಡಿದೆ. ಬಾಡಿಗೆ ಕರಾರಿಗೆ ಪೂರಕ ಪತ್ರ ಕನ್ನಡದಲ್ಲೇ ಆಗಬೇಕು ಎಂದು ಕಟ್ಟಡದ ಯಜಮಾನರ ಪಟ್ಟು. ನ್ಯಾಯವೇ, ಸಹಿ ಹಾಕುವವರು ಅವರು. ಮೂಲ ಕರಾರಿನಲ್ಲಿ ಯಾರೋ ‘ಮುಖ್ಯ ಕಚೇರಿ’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಫ್ರೆಂಚ್ ಠರಾವನ್ನು ಯಂತ್ರಾನುವಾದಕ್ಕೆ ಹಾಕಿದರೆ ‘ಸಾಮಾಜಿಕ ಮುತ್ತಿಗೆಯ ವರ್ಗಾವಣೆ’ ಎಂದು ಬಂತು. ನಗಬೇಡಿ, ನಾಳೆ ಓದಿ ಹೇಳಬೇಕಾದವಳು ನಾನು.

‘ನೋಂದಾಯಿತ ಕಚೇರಿ’, ‘ಪ್ರಧಾನ ಕಚೇರಿ’, ‘ಅಧಿಕೃತ ವಿಳಾಸ’, ಇವುಗಳಲ್ಲಿ ಯಾವುದು? ‘ವರ್ಗಾವಣೆ’ಯೋ ‘ಸ್ಥಳಾಂತರ’ವೋ?

ಹಳೆಮೊಳೆ:

‘ನೋಂದಾಯಿತ’ ಎನ್ನುವುದು ಪದವೇ ಅಲ್ಲ. ‘ನೋಂದಣಿ’ ಮರಾಠಿಯಿಂದ ಬಂದದ್ದು. ಅದರ ಬಾಲಕ್ಕೆ ಸಂಸ್ಕೃತದ ‘ಇತ’ ಕಟ್ಟಿ ಮೆರವಣಿಗೆ ಹೊರಡಿಸಿದವರು ಸರ್ಕಾರಿ ಅನುವಾದಕರು. ನಾಳೆ ಓಡಾಡಿದವನನ್ನು ‘ಓಡಾಡಿತ’ ಎನ್ನುತ್ತೀರಾ? ‘ನೋಂದಾಯಿಸಿದ ಕಚೇರಿ’ ಎಂದು ಬರೆಯಿರಿ, ಮುಗಿಯಿತು.

ಇದೇ ರೋಗದ ಇನ್ನೊಂದು ಮುಖ ನಾಳೆ ನೀವು ಹೋಗುವ ಕಚೇರಿಯ ಬೋರ್ಡಿನ ಮೇಲೇ ಇರುತ್ತದೆ: ‘ಉಪನೋಂದಣಾಧಿಕಾರಿ’. ಇಕಾರದ ಮುಂದೆ ಸವರ್ಣದೀರ್ಘ ಎಲ್ಲಿಂದ ಬಂತು? ಸಂಧಿ ಮಾಡಲೇಬೇಕೆಂಬ ಹಠವಿದ್ದರೆ ಯಣ್ ಮಾಡಿ ‘ನೋಂದಣ್ಯಧಿಕಾರಿ’ ಎನ್ನಿ, ಇಲ್ಲದಿದ್ದರೆ ಬಿಡಿಸಿ ಬರೆಯಿರಿ. ಕರಡು ತಿದ್ದಿಯೇ ಕಣ್ಣು ಕಳೆದುಕೊಂಡವನು ನಾನು, ಇದನ್ನು ಎಷ್ಟು ಸಲ ಹೇಳಬೇಕೋ.

ಫೈಲುಪ್ರಿಯ:

ಮೇಡಂ, ‘ನೋಂದಾಯಿತ ಕಚೇರಿ’ ಎಂದೇ ಹಾಕಿ. ಕಂಪನಿ ವ್ಯವಹಾರ ಬಲ್ಲವರಿಗೆಲ್ಲ ಅರ್ಥವಾಗುವ ಮಾತು ಅದು. ‘ಮುಖ್ಯ ಕಚೇರಿ’ ಬೇರೆ: ಎಂಡಿ ಕೂರುವುದು ಮುಂಬೈಯಲ್ಲಿರಬಹುದು, ನೋಂದಾಯಿತ ಕಚೇರಿ ತುಮಕೂರಿನಲ್ಲಿರಬಹುದು. ಕೋರ್ಟಿನ ನೋಟಿಸು ಹೋಗುವುದು ತುಮಕೂರಿಗೆ.

ಪದದ ಜೊತೆಗೆ ಇನ್ನೊಂದು ಮಾತು. ನಿಮ್ಮವರದು ಇಲ್ಲಿ ಶಾಖೆ, ಅಂದರೆ ನಮ್ಮ ಕಾನೂನಿನ ಕಣ್ಣಿಗೆ ‘ವಿದೇಶಿ ಕಂಪನಿ’. ಕಂಪನಿ ಕಾಯ್ದೆ 2013ರ 380ನೇ ಸೆಕ್ಷನ್ ಪ್ರಕಾರ ತವರಿನ ನೋಂದಾಯಿತ ಕಚೇರಿಯ ವಿಳಾಸ ಬದಲಾದರೂ 30 ದಿನದೊಳಗೆ ಎಫ್‌ಸಿ-2 ಫಾರಂ ಸಲ್ಲಿಸಬೇಕು. ಹಾಕಿದ್ದಾರೋ ಇಲ್ಲವೋ ಕೇಳಿ. 382ನೇ ಸೆಕ್ಷನ್ ಇನ್ನೂ ಸ್ವಾರಸ್ಯ: ಕಚೇರಿಯ ಹೊರಗೆ ಕಂಪನಿಯ ಹೆಸರು ಮತ್ತು ಅದು ಸ್ಥಾಪನೆಯಾದ ದೇಶದ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಆ ಸ್ಥಳದಲ್ಲಿ ಬಳಕೆಯಲ್ಲಿರುವ ಭಾಷೆಯ ಅಕ್ಷರದಲ್ಲೂ ಇರಬೇಕು. ಬೋರ್ಡ್ ಕನ್ನಡದಲ್ಲಿದೆಯೇ?

ನುಡಿಗೇಯ್ಮೆ:

ಮರಾಟಿ ಬೇರು, ಸಂಸ್ಕ್ರುತದ ಬಾಲ, ಅದರ ಪಕ್ಕದಲ್ಲಿ ಉತ್ತರದಿಂದ ಬಂದ ಕಚೇರಿ. ಇದರಲ್ಲಿ ಕನ್ನಡ ಎಲ್ಲಿದೆ? ಪ್ರೆಂಚಿನವರು ‘ಸಿಯೆಜ್’ ಅನ್ನುವುದು ಕೂರುವ ಜಾಗಕ್ಕೆ. ನಮಗೆ ‘ನೆಲೆ’ ಇಲ್ಲವೇ? ಕಟ್ಟಲೆಯಲ್ಲಿ ಗುರುತಿಸಿದ ನೆಲೆ ಎಂಬ ಹುರುಳಿನಲ್ಲಿ ‘ಕಟ್ಟಲೆನೆಲೆ’. ಕಂಪನಿಗೆ ‘ಕೂಟ’, ಬದಲಾವಣೆಗೆ ‘ಎಡೆಮಾರ್ಪು’. ‘ಕೂಟದ ಕಟ್ಟಲೆನೆಲೆಯ ಎಡೆಮಾರ್ಪು’ ಎಂದರೆ ಅಚ್ಚುಕಟ್ಟಾಗಿ ಕೂರುತ್ತದೆ.

ಫೈಲುಪ್ರಿಯ:

‘ಕೂಟ’ ಎಂದರೆ ನೆಲಮಂಗಲದ ಯಜಮಾನರು ಭೋಜನಕೂಟ ಎಂದುಕೊಂಡು ಬಾಳೆಎಲೆ ತರಿಸುತ್ತಾರೆ. ನಾಳೆ ರಿಜಿಸ್ಟ್ರೇಷನ್ ಇದೆ ಸ್ವಾಮಿ.

ರೋನ್‌ದಂಡೆ:

ನಾನಿರುವುದು ಲಿಯೋನಲ್ಲೇ, ಲೆಕ್ಕಪತ್ರದ ಕಚೇರಿಯೊಂದರಲ್ಲಿ. ಇಂಥ ಕಾಗದಗಳನ್ನು ನೋಡುವುದೇ ಕೆಲಸ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲಿಗೆ ‘ಸೊಸಿಯಾಲ್’. ಸಮಾಜಕ್ಕೂ ಅದಕ್ಕೂ ಇಲ್ಲಿ ಸಂಬಂಧವಿಲ್ಲ. ಫ್ರೆಂಚಿನಲ್ಲಿ ಕಂಪನಿಗೆ ‘ಸೊಸಿಯೆತೆ’ ಎನ್ನುತ್ತಾರೆ, ಅದರದು ‘ಸೊಸಿಯಾಲ್’. ‘ಕಾಪಿತಾಲ್ ಸೊಸಿಯಾಲ್’ ಎಂದರೆ ಕಂಪನಿಯ ಬಂಡವಾಳ, ಸಾಮಾಜಿಕ ಬಂಡವಾಳವಲ್ಲ. ‘ಸಿಯೆಜ್’ಗೆ ಆಸನ, ಪೀಠ ಎಂದೂ ಅರ್ಥ, ಕೋಟೆಗೆ ಹಾಕುವ ಮುತ್ತಿಗೆ ಎಂದೂ ಅರ್ಥ. ನಿಮ್ಮ ಯಂತ್ರ ಎರಡನೆಯದನ್ನು ಹಿಡಿದಿದೆ.

ಆದರೆ ಇದು ಭಾರತದ ರಿಜಿಸ್ಟರ್ಡ್ ಆಫೀಸಿನ ಪಡಿಯಚ್ಚೂ ಅಲ್ಲ. ನಮ್ಮಲ್ಲಿ ಕಂಪನಿಯ ಮೆಮೊರಾಂಡಮ್ಮಿನಲ್ಲಿ ರಾಜ್ಯದ ಹೆಸರಿದ್ದರೆ ಸಾಕು, ಬೀದಿ-ಬಾಗಿಲು ನಂಬರು ಬೇರೆ ಫಾರಮ್ಮಿನಲ್ಲಿ ಹೋಗುತ್ತದೆ. ಇಲ್ಲಿ ಫ್ರಾನ್ಸಿನ ಸಿವಿಲ್ ಸಂಹಿತೆಯ 1835ನೇ ವಿಧಿ ಹೇಳುವಂತೆ ಹೆಸರು, ಉದ್ದೇಶ, ಬಂಡವಾಳ, ಅವಧಿಗಳ ಜೊತೆಗೆ ಸಿಯೆಜ್ ಕೂಡ ಕಂಪನಿಯ ನಿಯಮಾವಳಿಯಲ್ಲೇ ನಮೂದಾಗಬೇಕು. ಹಾಗಾಗಿ ಅದು ಬದಲಾದರೆ ನಿಯಮಾವಳಿಯನ್ನೇ ತಿದ್ದಬೇಕು. 1837ನೇ ವಿಧಿ ಇನ್ನೂ ಖಾರ. ಕಾಗದದ ಮೇಲಿನ ಸಿಯೆಜ್ ಒಂದು ಕಡೆ, ನಿಜವಾಗಿ ಕಂಪನಿ ನಡೆಯುವುದು ಇನ್ನೊಂದು ಕಡೆ ಎಂದಾದರೆ ಹೊರಗಿನವರು ಕಾಗದದ ವಿಳಾಸವನ್ನು ಹಿಡಿದು ಕೇಳಬಹುದು, ಆದರೆ ಕಂಪನಿ ಮಾತ್ರ ಅದೇ ಕಾಗದವನ್ನು ಅವರ ಎದುರು ಗುರಾಣಿ ಮಾಡಿಕೊಳ್ಳುವಂತಿಲ್ಲ. ನೆಲಮಂಗಲದ ಯಜಮಾನರೂ ಆ ‘ಹೊರಗಿನವರ’ ಪೈಕಿಯೇ.

ಈಗ ಮುಖ್ಯ ವಿಷಯ. ನಾಂತೇರ್‌ನಿಂದ ಲಿಯೋನ್ ಎಂದರೆ ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಯೇ ಬದಲಾಯಿತು. ಕಾನೂನು ಪ್ರಕಟಣೆ ಎರಡು ಕಡೆ ಕೊಡಬೇಕು, ಬಿಟ್ಟುಹೋಗುವ ಜಿಲ್ಲೆಯಲ್ಲೊಂದು, ಬರುವ ಜಿಲ್ಲೆಯಲ್ಲೊಂದು. ಹಿಂದೆ ಎಲ್ಲೆಲ್ಲಿ ಸಿಯೆಜ್ ಇತ್ತು ಎಂಬ ಪಟ್ಟಿಯನ್ನು ತಾರೀಖು ಸಮೇತ ಲಗತ್ತಿಸಬೇಕು. ಒಂದು ತಿಂಗಳೊಳಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. 2023ರ ಜನವರಿಯಿಂದ ಇದೆಲ್ಲ ‘ಗಿಶೆ ಯುನೀಕ್’ನಲ್ಲಿ, ನಮ್ಮ ‘ಏಕಗವಾಕ್ಷಿ’ ಇದ್ದ ಹಾಗೆ. ಆ ಗವಾಕ್ಷಿ ಎಷ್ಟು ಸಲ ಮುಚ್ಚಿಕೊಂಡಿತು ಎಂಬ ಕಥೆ ಇಲ್ಲಿ ಬೇಡ. ಕೊನೆಗೆ ಹೊಸ ‘ಕಾಬಿಸ್’ ಸಿಗುತ್ತದೆ, ಅಂದರೆ ನೋಂದಣಿ ಪುಸ್ತಕದ ಉದ್ಧೃತ ಪ್ರತಿ. ಪಹಣಿ ಎಂದುಕೊಳ್ಳಿ, ಜಮೀನಿನ ಬದಲು ಕಂಪನಿಯದು.

ಹೊಸ ಕಾಬಿಸ್‌ನಲ್ಲಿ ‘ಆರ್‌ಸಿಎಸ್ ನಾಂತೇರ್’ ಇದ್ದದ್ದು ‘ಆರ್‌ಸಿಎಸ್ ಲಿಯೋನ್’ ಆಗಿರುತ್ತದೆ (ಆರ್‌ಸಿಎಸ್ ಎಂದರೆ ವಾಣಿಜ್ಯ ಮತ್ತು ಕಂಪನಿಗಳ ನೋಂದಣಿ ಪುಸ್ತಕ). ಕಂಪನಿಯ ಒಂದೊಂದು ಜಾಗಕ್ಕೂ ಬೇರೆಬೇರೆಯಾಗಿ ಕೊಡುವ 14 ಅಂಕಿಯ ಸಿರೆತ್ ಸಂಖ್ಯೆಯ ಕೊನೆಯ 5 ಅಂಕಿಗಳೂ ಬದಲಾಗಿರುತ್ತವೆ. ಇದನ್ನು ನೋಡಿದವರು ಕಂಪನಿಯೇ ಬೇರೆಯಾಯಿತೇ ಎಂದು ಗಾಬರಿಯಾಗುತ್ತಾರೆ. ಮೊದಲ 9 ಅಂಕಿ, ಅಂದರೆ ಕಂಪನಿಯದೇ ಗುರುತಾದ ಸಿರೆನ್, ಬದಲಾಗುವುದಿಲ್ಲ. ಕಂಪನಿ ಅದೇ. ಇದನ್ನು ಪತ್ರದಲ್ಲಿ ಬಿಡಿಸಿ ಬರೆಯದಿದ್ದರೆ ಪದ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಹಾಗೆಯೇ ‘ವರ್ಗಾವಣೆ’ ಬೇಡ. ಕರಾರುಪತ್ರದಲ್ಲಿ ವರ್ಗಾವಣೆ ಎಂದರೆ ಹಕ್ಕು ಕೈಬದಲಾಯಿತು ಎಂದೇ ಓದುತ್ತಾರೆ.

ಕರಾರುಪತ್ರ:

ರೋನ್‌ದಂಡೆ ಅಕ್ಕಾ, ಪುಣ್ಯ ಕಟ್ಟಿಕೊಂಡಿರಿ. ಯಜಮಾನರು ಇವತ್ತು ಮಧ್ಯಾಹ್ನ ಫೋನಿನಲ್ಲಿ ಕೇಳಿದ್ದು ಅದನ್ನೇ: “ನಂಬರು ಬೇರೆ ಬಂದದಲ್ಲಮ್ಮ, ಮಾರ್ಕೊಂಡ್ರಾ ಕಂಪನೀನ?” ನನಗೆ ಉತ್ತರ ಗೊತ್ತಿರಲಿಲ್ಲ.

ಹಾಗಾದರೆ ‘ನೋಂದಣಿ ಕಚೇರಿ’ ಎಂದು ಸರಳ ಮಾಡಿಬಿಡಲೇ? ಹಳೆಮೊಳೆ ಸಾರ್‌ಗೂ ಸಮಾಧಾನವಾದೀತು.

ಫೈಲುಪ್ರಿಯ:

ಬೇಡವೇ ಬೇಡ. ನೋಂದಣಿ ಕಚೇರಿ ಎಂದರೆ ನಾಳೆ ನೀವು ಕ್ಯೂ ನಿಲ್ಲುವ ಜಾಗ. ಸಬ್ ರಿಜಿಸ್ಟ್ರಾರ್ ಆಫೀಸು ಲಿಯೋನ್‌ಗೆ ಹೋಯಿತು ಎಂದಾಗುತ್ತದೆ. ‘ನೋಂದಾಯಿಸಿದ ಕಚೇರಿ’ಗೂ ಅದೇ ತೊಂದರೆ: ಯಾರು ಯಾರನ್ನು ನೋಂದಾಯಿಸಿದ್ದು? ‘ಬರೆದ ಕಾಗದ’ ಎಂದರೆ ಕಾಗದ ಬರೆಸಿಕೊಂಡದ್ದು, ‘ಬರೆದ ಹುಡುಗ’ ಎಂದರೆ ಹುಡುಗನೇ ಬರೆದವನು. ಕಚೇರಿ ಎರಡೂ ಆಗಬಲ್ಲದು. ‘ನೋಂದಾಯಿತ’ದಲ್ಲಿ ಆ ಗೊಂದಲವಿಲ್ಲ. ಹುಟ್ಟು ಏನೇ ಇರಲಿ, ಕೆಲಸ ಮಾಡುತ್ತಿದೆ.

ಹಳೆಮೊಳೆ:

‘ನೋಂದಾಯಿಸಲಾದ ಕಚೇರಿ’. ಗೊಂದಲ ಎಲ್ಲಿದೆ ತೋರಿಸಿ.

ನುಡಿಗೇಯ್ಮೆ:

‘ಸಲಾದ’, ‘ಪಟ್ಟ’ ಎಲ್ಲ ಇಂಗ್ಲಿಶಿನ ಎಂಜಲು. ಕನ್ನಡದ ಬಾಯಲ್ಲಿ ಕರ‍್ಮಣಿ ಇಲ್ಲ. ತಿದ್ದುವವರೇ ಹೀಗೆ ಬರೆದರೆ ಮುಗಿಯಿತು.

ಹಳೆಮೊಳೆ:

ಮಹಾಪ್ರಾಣ ನುಂಗಿದವರಿಂದ ಕರ್ಮಣಿ ಪಾಠ ನನಗೆ ಬೇಕಿಲ್ಲ.

ಕಾರಂಜಿಕೆರೆ:

ನೀವೆಲ್ಲ ‘ಕಚೇರಿ’ಯ ಹಿಂದೆ ಬಿದ್ದು ‘ವಿಳಾಸ’ವನ್ನು ಹಾಗೇ ಬಿಟ್ಟುಬಿಟ್ಟಿರಿ. ಚೋದ್ಯ ಇರುವುದು ಅಲ್ಲಿ. ಸಂಸ್ಕೃತದ ‘ವಿಲಾಸ’ಕ್ಕೆ ಆಟ, ಬೆಡಗು, ಶೃಂಗಾರದ ಚೇಷ್ಟೆ ಎಂದೆಲ್ಲ ಅರ್ಥ. ಕನ್ನಡಕ್ಕೆ ಬಂದು ಲಕಾರ ಳಕಾರವಾಯಿತು, ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಹೇಳುವ ‘ಕ್ಷಳ’. ಆಮೇಲೆ ಅದೇ ಮಾತು ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡಿಗೆ ನಿಂತಿತು. ತೆಲುಗಿನಲ್ಲೂ ತಮಿಳಿನಲ್ಲೂ ಇದೇ ಪದ, ಲಕಾರ ಉಳಿಸಿಕೊಂಡು. ಉತ್ತರದವರಿಗೆ ‘ಪತಾ’, ನಮಗೆ ವಿಳಾಸ. ಕನ್ನಡದಲ್ಲಿ ಲಕಾರದ್ದೂ ಳಕಾರದ್ದೂ ಎರಡೂ ಉಳಿದಿವೆ ನೋಡಿ: ಊಟದ ಹೋಟೆಲು ‘ವಿಲಾಸ’, ಅದರ ರಸೀದಿಯ ಮೇಲೆ ‘ವಿಳಾಸ’. ಒಂದು ಪದವನ್ನು ಸೀಳಿ ಎರಡು ಮಾಡಿಕೊಂಡ ಭಾಷೆಗೆ ಸಾಲದ ಭಯ ಯಾಕೆ?

ಇರಲಿ, ಕರಾರುಪತ್ರದವರಿಗೆ ನನ್ನ ಸೂಚನೆ ‘ಅಧಿಕೃತ ವಿಳಾಸ’.

ಫೈಲುಪ್ರಿಯ:

ಆಗದು. ಅಧಿಕೃತ ವಿಳಾಸ ಶಾಖೆಗೂ ಇರುತ್ತದೆ.

ನುಡಿಗೇಯ್ಮೆ:

ಸಾಲದ ಬಯ ಯಾಕೆ ಅಂತ ಪ್ರೆಂಚರನ್ನೇ ಕೇಳಿ. ಕಂಪ್ಯೂಟರಿಗೆ ‘ಓರ್ದಿನಾತರ್’ ಕಟ್ಟಿಕೊಂಡರು, ಸಾಪ್ಟ್‌ವೇರಿಗೆ ‘ಲೊಜಿಸಿಯೆಲ್’. 1994ರಲ್ಲಿ ಕಟ್ಟಲೆಯನ್ನೇ ತಂದು ಕರಾರು, ಜಾಹೀರಾತು, ಬೋರ‍್ಡು ಎಲ್ಲ ಪ್ರೆಂಚಿನಲ್ಲಿರಬೇಕು ಅಂದರು. ಅವರ ಕೂಟದ ಕಾಗದ ಅವರ ನುಡಿಯಲ್ಲಿ, ಅದೇ ಕಾಗದ ನಮ್ಮೂರಿಗೆ ಬಂದರೆ ಮರಾಟಿ-ಸಂಸ್ಕ್ರುತ-ಪಾರ್ಸಿ ಕಲಬೆರಕೆಯಲ್ಲಿ. ಇದಕ್ಕೆ ನಾಚಿಕೆ ಬೇಡವೇ?

ರೋನ್‌ದಂಡೆ:

1994ರ ತುಬೋನ್ ಕಾನೂನು ಇರುವುದು ನಿಜ, ಓರ್ದಿನಾತರ್ ಅನ್ನುವುದೂ ನಿಜ. ಅದೇ ಕಾನೂನಿನ ನೆರಳಲ್ಲಿ ಕೂತು ನನ್ನ ಸಹೋದ್ಯೋಗಿಗಳು ‘ವೀಕೆಂಡ್’, ‘ಬ್ರೇನ್‌ಸ್ಟಾರ್ಮಿಂಗ್’ ಎಂದು ಫ್ರೆಂಚ್ ಮೂಗಿನಲ್ಲಿ ಹೇಳುತ್ತಿರುತ್ತಾರೆ. ಇನ್ನು ಅವರ ‘ಬ್ಯೂರೋ’ ಹುಟ್ಟಿದ್ದು ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆಬಟ್ಟೆಯ ಹೆಸರಿನಿಂದ. ಬಟ್ಟೆ ಮೇಜಾಯಿತು, ಮೇಜು ಕಚೇರಿಯಾಯಿತು. ಅವರು ಅದನ್ನು ತಿದ್ದಲು ಹೋಗಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಕಡೆ ನಾನು: ‘ನೆಲೆ’ ಚೆನ್ನಾಗಿದೆ. 1837ನೇ ವಿಧಿ ಹೇಳುವ ‘ನಿಜವಾದ ಸಿಯೆಜ್’ಗೆ ಅದು ಒಪ್ಪುತ್ತದೆ. ಲೇಖನ ಬರೆದರೆ ಬಳಸುತ್ತೇನೆ. ಬಾಡಿಗೆ ಪತ್ರಕ್ಕಲ್ಲ.

ಫೈಲುಪ್ರಿಯ:

ಮೇಡಂ, ಈ ಒಕ್ಕಣೆ ನೋಡಿ, ಪತ್ರ ಬರಹಗಾರರ ಧಾಟಿಗೆ ಇಳಿಸಿದ್ದೇನೆ:

“ಬಾಡಿಗೆದಾರ ಕಂಪನಿಯು ಫ್ರಾನ್ಸ್ ದೇಶದ ನಾಂತೇರ್ ನಗರದಲ್ಲಿದ್ದ ತನ್ನ ನೋಂದಾಯಿತ ಕಚೇರಿಯನ್ನು ಅದೇ ದೇಶದ ಲಿಯೋನ್ ನಗರಕ್ಕೆ ಸ್ಥಳಾಂತರಿಸಿರುತ್ತದೆ. ಕಂಪನಿಯ ಹೆಸರು, ಸ್ವರೂಪ ಮತ್ತು ಒಂಬತ್ತು ಅಂಕಿಗಳ ಸಿರೆನ್ ಗುರುತಿನ ಸಂಖ್ಯೆಯಲ್ಲಿ ಯಾವುದೇ ಬದಲಾವಣೆ ಆಗಿರುವುದಿಲ್ಲ. ಕಂಪನಿಗೆ ಕಳುಹಿಸತಕ್ಕ ನೋಟಿಸುಗಳನ್ನು ಇನ್ನು ಮುಂದೆ ಈ ಕೆಳಕಂಡ ವಿಳಾಸಕ್ಕೆ ಕಳುಹಿಸತಕ್ಕದ್ದು. ಮೂಲ ಕರಾರಿನ ಉಳಿದೆಲ್ಲ ಷರತ್ತುಗಳು ಯಥಾಪ್ರಕಾರ ಜಾರಿಯಲ್ಲಿರುತ್ತವೆ.”

ಮೂಲ ಕರಾರಿನ ‘ಮುಖ್ಯ ಕಚೇರಿ’ ಎಂಬಲ್ಲಿ ‘ನೋಂದಾಯಿತ ಕಚೇರಿ’ ಎಂದು ಓದಿಕೊಳ್ಳತಕ್ಕದ್ದು ಎಂದೂ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಎರಡು ಪತ್ರದಲ್ಲಿ ಎರಡು ಕಚೇರಿಯಾಗುತ್ತದೆ. ಹೊಸ ಕಾಬಿಸ್‌ನ ಪ್ರತಿ ಲಗತ್ತಿಸಿ.

ಹಳೆಮೊಳೆ:

‘ಕಳುಹಿಸತಕ್ಕ... ಕಳುಹಿಸತಕ್ಕದ್ದು’. ಒಂದೇ ವಾಕ್ಯದಲ್ಲಿ ಎರಡು. ‘ಕಂಪನಿಗೆ ಬರಬೇಕಾದ ನೋಟಿಸುಗಳನ್ನು’ ಎಂದು ತಿದ್ದಿ.

ನುಡಿಗೇಯ್ಮೆ:

ಶರತ್ತು ಅರಬ್ಬಿ, ಜಾರಿ ಅರಬ್ಬಿ, ಕರಾರು ಅರಬ್ಬಿ. ಸಂತೋಶ.

ಫೈಲುಪ್ರಿಯ:

‘ಸಂತೋಷ’ ಸಂಸ್ಕೃತ.

ಕರಾರುಪತ್ರ:

ಹಳೆಮೊಳೆ ಸಾರ್ ತಿದ್ದುಪಡಿ ಹಾಕಿಕೊಂಡೆ, ಓದುವಾಗ ಸಲೀಸಾಗಿದೆ. ಯಜಮಾನರಿಗೆ ಫೋನಿನಲ್ಲೇ ಓದಿ ಹೇಳಿದೆ. ಸಿರೆನ್ ಸಾಲಿಗೆ “ಹಾಂ, ಈಗ ಸರಿ” ಎಂದರು. ‘ನೋಂದಾಯಿತ’ದ ಬಗ್ಗೆ ಏನೂ ಕೇಳಲಿಲ್ಲ.

ಎಫ್‌ಸಿ-2 ಹಾಕಿದ್ದಾರಂತೆ. ಬೋರ್ಡ್ ಕನ್ನಡದಲ್ಲಿ ಇಲ್ಲವಂತೆ! ಅದನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಬೋರ್ಡ್ ಬರೆಯುವವನು ಕೇಳುತ್ತಿದ್ದಾನೆ: ‘ಫ್ರಾನ್ಸ್’ ಎನ್ನುವಲ್ಲಿ ಫಕಾರದ ಕೆಳಗೆ ಎರಡು ಚುಕ್ಕಿ ಇಡಬೇಕೇ?

ನುಡಿಗೇಯ್ಮೆ:

‘ಪ್ರಾನ್ಸ್’. ಕನ್ನಡಿಗರ ಬಾಯಲ್ಲಿ ಇರುವುದು ಅದೇ.

ಹಳೆಮೊಳೆ:

ಚುಕ್ಕಿ ಬೇಡ. ‘ಪ್ರಾನ್ಸ್’ ಅಂತೂ ಬೇಡವೇ ಬೇಡ.