ಬಾವಲಿಗೆ ಹೆಚ್ಚು ತೊಂದರೆಯಾಗದ ಹಾಗೆ ಡಿಎನ್‌ಎ ಮಾದರಿ ತೆಗೆಯುವುದು ಹೇಗೆ?

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ಹುಳ ತಿನ್ನುವ ಸಣ್ಣ ಬಾವಲಿಗಳ ಡಿಎನ್‌ಎ ಬೇಕು. ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದೆ. ಆದರೆ ರೆಕ್ಕೆಗೆ ತೂತು ಹಾಕಬೇಕು ಅಂದಾಗಿನಿಂದ ಕೈ ನಡುಗುತ್ತಿದೆ. ಮಾಡಿದವರು ಹೇಳಿ.

ಉತ್ತರ: ನಾನು ಮೂರು ವರ್ಷ ಮಾಡಿದ್ದೇನೆ. ತೂತು ಬರೀ 3 ಮಿಲಿಮೀಟರ್. ಕೆಲವು ವಾರಗಳಲ್ಲಿ ಪೊರೆ ತಾನಾಗಿ ಕೂಡಿಕೊಳ್ಳುತ್ತದೆ. ರೆಕ್ಕೆ ಬಿಡಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ರಕ್ತನಾಳಗಳು ಎಲೆಯ ನರಗಳ ಹಾಗೆ ಕಾಣುತ್ತವೆ. ಮೈಗೂ ಐದನೇ ಬೆರಳಿಗೂ ನಡುವಿನ ಪೊರೆಯಲ್ಲಿ, ನಾಳ ಇಲ್ಲದ ಕಡೆ ಪಂಚ್ (ತೂತು ಹಾಕುವ ಸಣ್ಣ ಉಪಕರಣ) ಒತ್ತಿ. ಅಂಚಿಗೆ ಹೋಗಬೇಡಿ, ಹರಿದುಬಿಡುತ್ತದೆ. ಒಂದಕ್ಕೆ ಬಳಸಿದ ಪಂಚನ್ನು ಹಾಗೇ ಇನ್ನೊಂದಕ್ಕೆ ಬಳಸಬೇಡಿ, ಸೋಂಕು ಹರಡುತ್ತದೆ. ಕತ್ತರಿಸಿ ಬಂದ ಪೊರೆಯ ತುಣುಕನ್ನು ಕೂಡಲೇ 95% ಎಥನಾಲ್‌ಗೆ ಹಾಕಿ.

ಆದರೆ ನನಗೆ ಕಾಡುವುದು ತೂತಲ್ಲ, ಬಲೆ ಮತ್ತು ಚೀಲ. ಮೊದಲ ವರ್ಷ ಒಂದೇ ರಾತ್ರಿ ಜಾಸ್ತಿ ಬಾವಲಿ ಬಿದ್ದವು. ಸರದಿ ಬರಲಿ ಎಂದು ಒಂದು ಬಾಣಂತಿ ಬಾವಲಿಯನ್ನು ಒಂದು ಗಂಟೆ ಚೀಲದಲ್ಲಿ ಇಟ್ಟುಬಿಟ್ಟೆ. ಅದರ ಮರಿ ಎಲ್ಲೋ ಹಸಿದುಕೊಂಡು ಕಾಯುತ್ತಿತ್ತು ಅಲ್ವಾ? ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಈಗ ಬಲೆ ಬಿಟ್ಟು ಕದಲುವುದಿಲ್ಲ. ಕೈಗೆ ಮೀರಿ ಬಿದ್ದರೆ ಬಲೆ ಸುತ್ತಿಬಿಡುತ್ತೇನೆ.

ಇನ್ನೊಬ್ಬರು: ಹಿಡಿಯಲೇಬೇಕಾ, ಮೊದಲು ಯೋಚಿಸಿ. ಕೋಲಾರದ ಹನುಮನಹಳ್ಳಿಯ ಎಲೆಮೂಗಿನ ಬಾವಲಿ ಅಳಿವಿನ ಅಂಚಿನಲ್ಲಿದೆ. ಉಳಿದಿರುವುದು ಕೆಲವು ನೂರು ಮಾತ್ರ. ಅಂಥ ಜೀವಕ್ಕೆ ಸುಮ್ನೆ ಬಲೆ ಹಾಕಲು ಮನಸ್ಸು ಬರುತ್ತದೆಯೇ? ಹಿಕ್ಕೆಯಲ್ಲೂ ಡಿಎನ್‌ಎ ಇರುತ್ತದೆ. ಸಂಜೆ ಅವು ಹೊರಗೆ ಹಾರಿದ ಮೇಲೆ ಗುಹೆಯಲ್ಲಿ ಶುಭ್ರ ಪ್ಲಾಸ್ಟಿಕ್ ಹಾಸಿ ಬನ್ನಿ. ಮರುದಿನ ಸಂಜೆ ಅವು ಹೋದ ಮೇಲೆ ಹಿಕ್ಕೆ ಆಯ್ದುಕೊಳ್ಳಿ. ಒಣಗಿಸಲು ಸಿಲಿಕಾ ಜೆಲ್ ಸಾಕು. ಡಿಎನ್‌ಎ ಸ್ವಲ್ಪ ಚೂರುಚೂರಾಗಿರುತ್ತದೆ, ಲ್ಯಾಬಿನಲ್ಲಿ ನಿಮಗೆ ಕಷ್ಟ ಜಾಸ್ತಿ. ಆ ಕಷ್ಟ ನಾವೇ ಪಡೋಣ. ಯಾವ ಹುಳ ತಿಂದಿವೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಮತ್ತೊಬ್ಬರು: ರೇಬೀಸ್ ಲಸಿಕೆ ಹಾಕಿಸಿಕೊಳ್ಳದೆ ಬಾವಲಿ ಮುಟ್ಟಬೇಡಿ. ಗ್ಲೌಸ್, ಮಾಸ್ಕ್ ಇರಲೇಬೇಕು.

ಪ್ರಶ್ನೆ ಕೇಳಿದವರು: ಬಾಣಂತಿ ಎಂದು ಕತ್ತಲಲ್ಲಿ ಗುರುತಿಸುವುದು ಹೇಗೆ?

ಮೊದಲ ಉತ್ತರದವರು: ಮೊಲೆತೊಟ್ಟಿನ ಸುತ್ತ ಕೂದಲು ಉದುರಿ ಚರ್ಮ ಬರಿದಾಗಿರುತ್ತದೆ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಂಡ ತಕ್ಷಣ ಬಿಟ್ಟುಬಿಡಿ. ತೂಕವೂ ಬೇಡ, ಫೋಟೋನೂ ಬೇಡ.