ಬೆಗಿ (ಕತ್ತಿಯಿಂದ ಕಡಿಯೋ ಅಭ್ಯಾಸ): ಕತ್ತಿ ಚಾಪೆಯ ಅರ್ಧದಲ್ಲೇ ನಿಲ್ಲುತ್ತದೆ, ತಪ್ಪು ಎಲ್ಲಿ?

ಮರಗತ್ತಿ:
ಸುವೋನ್‌ನಲ್ಲಿ ಹೇದೊಂಗ್ ಗುಮ್ದೊ ಅನ್ನೋ ಕೊರಿಯಾದ ಕತ್ತಿವಿದ್ಯೆ ಕಲಿಯುತ್ತಿದ್ದೇನೆ, ಮೂರು ವರ್ಷ ಆಯಿತು. ಮೊದಲು ಮರದ ಕತ್ತಿ, ಆಮೇಲೆ ಹರಿತವಿಲ್ಲದ ಗಾಗೊಮ್. ಹೋದ ತಿಂಗಳಷ್ಟೇ ನಿಜವಾದ ಜಿಂಗೊಮ್ ಕೈಗೆ ಬಂತು. ಎದುರಿಗೆ ನೆನೆಸಿ ಸುತ್ತಿದ ಚಾಪೆ. ಬಲ ಹೆಗಲ ಕಡೆಯಿಂದ ಓರೆಯಾಗಿ ಬೀಸಿದರೆ ಕಚಕ್ ಅಂತ ಹೋಗುತ್ತದೆ. ಎಡದಿಂದ ಬೀಸಿದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮೊನ್ನೆ ಸಿಟ್ಟಿಗೆ ಜೋರಾಗಿ ಹೊಡೆದೆ. ಚಾಪೆ ಸ್ಟ್ಯಾಂಡ್ ಸಮೇತ ಉರುಳಿತು. ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಲಗು ಒಂದು ಚೂರು ಬಾಗಿದೆ! ಅದು ನಮ್ಮ ತರಬೇತಿ ಶಾಲೆ ದೋಜಾಂಗ್‌ನ ಕತ್ತಿ. ಅಲ್ಲಿನ ಮುಖ್ಯ ಗುರು ಕ್ವಾನ್‌ಜಾಂಗ್‌ನಿಮ್ ಬೈಯಲಿಲ್ಲ, "ಶಕ್ತಿ ಬಿಡು" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು. ಶಕ್ತಿ ಬಿಟ್ಟರೆ ಕತ್ತರಿಸೋದು ಹೇಗೆ? ಸ್ವಂತ ಕತ್ತಿ ತಗೊಂಡರೆ ಸರಿಹೋಗುತ್ತಾ?

ಒದ್ದೆಚಾಪೆ:
ತಂಗಿ, ಕತ್ತಿ ತಗೊಳ್ಳೋ ಮಾತು ಸದ್ಯಕ್ಕೆ ಬಿಡು. ಕೊರಿಯಾದಲ್ಲಿ 15 ಸೆಂ.ಮೀ. ದಾಟಿದ ಅಲಗಿಗೆ ಪೊಲೀಸರ ಪರವಾನಗಿ ಬೇಕು. ಅದೂ ಅಲ್ಲದೆ ತಪ್ಪು ಕತ್ತಿಯದ್ದಲ್ಲ.

ನಾನು ಒಸಾಕಾದಲ್ಲಿ ತೋಯಾಮಾ ರ್ಯೂ ಅನ್ನೋ ಜಪಾನಿ ಕತ್ತಿವಿದ್ಯೆ ಮಾಡುತ್ತೇನೆ, ಒಂಬತ್ತು ವರ್ಷದಿಂದ. ಇಲ್ಲಿ ಹೀಗೆ ಚಾಪೆ ಕಡಿಯೋದಕ್ಕೆ ತಮೇಶಿಗಿರಿ, ಅಂದರೆ ಪರೀಕ್ಷೆಯ ಕಡಿತ, ಅಂತಾರೆ. ನಿನ್ನ ಓರೆ ಏಟು ನಮ್ಮಲ್ಲಿ ಕೆಸಾಗಿರಿ. ಕೆಸಾ ಅಂದರೆ ಬೌದ್ಧ ಸನ್ಯಾಸಿ ಒಂದು ಹೆಗಲ ಮೇಲಿಂದ ಓರೆಯಾಗಿ ಹೊದೆಯುವ ಬಟ್ಟೆ. ನಮ್ಮ ಕಾಷಾಯ ಅನ್ನೋ ಪದವೇ ಅಷ್ಟು ದೂರ ಹೋಗಿ ಕೆಸಾ ಆಗಿದ್ದು. ಇರಲಿ.

ಅಲಗಿನ ಬಾಯಿ ಯಾವ ಕಡೆ ನೋಡುತ್ತಿದೆಯೋ, ಕತ್ತಿ ಆ ಕಡೆಗೇ ಹೋಗಬೇಕು. ಹಾಸುಜಿ ಅನ್ನೋದು ಇದನ್ನೇ. ನಿನ್ನ ತೋಳು ಒಂದು ದಾರಿ ಹಿಡಿದು, ಬಾಯಿ ಸ್ವಲ್ಪ ಬೇರೆ ಕಡೆ ತಿರುಗಿದ್ದರೆ, ಅಲಗಿನ ಚಪ್ಪಟೆ ಬದಿ ಚಾಪೆಗೆ ಒತ್ತಿಕೊಂಡು ಅಲ್ಲೇ ಸಿಕ್ಕಿಬೀಳುತ್ತದೆ. ಆಗ ನೀನು ಹಾಕಿದ ಶಕ್ತಿಯೆಲ್ಲ ಅಲಗನ್ನು ಪಕ್ಕಕ್ಕೆ ಬಗ್ಗಿಸೋಕೆ ಹೋಗುತ್ತದೆ. ಆಗಿದ್ದೂ ಅದೇ ಅಲ್ವಾ?

ಒಂದು ಕೆಲಸ ಮಾಡು. ಬಿದ್ದ ತುಂಡನ್ನು ಬಿಸಾಡಬೇಡ, ಎತ್ತಿ ಕತ್ತರಿಸಿದ ಮುಖ ನೋಡು. ಹಲಗೆಯ ಹಾಗೆ ಸಮವಾಗಿದ್ದರೆ ಸರಿ. ಚಮಚದ ಹಾಗೆ ಗುಳಿ ಬಿದ್ದಿದ್ದರೆ ನಡುದಾರಿಯಲ್ಲಿ ಮಣಿಕಟ್ಟು ತಿರುಗಿದೆ ಅಂತ ಅರ್ಥ. ಕೊನೆಯಲ್ಲಿ ನಾರು ಕಿತ್ತುಕೊಂಡು ಬಂದಿದ್ದರೆ ಕತ್ತಿ ಅಷ್ಟರಲ್ಲಿ ನಿಧಾನವಾಗಿದೆ. ನಾನು ಮೊದಲ ವರ್ಷ ತುಂಡುಗಳನ್ನು ಚೀಲದಲ್ಲಿ ಮನೆಗೆ ತರುತ್ತಿದ್ದೆ. ಮೂರನೇ ದಿನಕ್ಕೆ ಚಾಪೆಯ ಒದ್ದೆ ಜೊಂಡು ನಾರೋಕೆ ಶುರುವಾಯಿತು. ಹೆಂಡತಿ ಚೀಲವನ್ನೂ ನನ್ನನ್ನೂ ಬಾಲ್ಕನಿಗೆ ಹಾಕಿದಳು.

ಎಡದಿಂದ ಬೀಸುವಾಗ ಕೈಗಳು ಒಂದರ ಮೇಲೊಂದು ಅಡ್ಡ ಬರುತ್ತವೆ. ಬಲಗೈ ಹಿಡಿಯನ್ನು ಬಿಗಿಯಾಗಿ ಹಿಡಿದು ತಳ್ಳೋಕೆ ಹೋದರೆ ಬಾಯಿ ತಿರುಗುತ್ತದೆ. ಎಡಗೈ ಎಳೆಯಲಿ, ಬಲಗೈ ದಾರಿ ತೋರಿಸಲಿ. "ಶಕ್ತಿ ಬಿಡು" ಅಂದಿದ್ದು ಬಲಗೈಗೆ, ನಿನಗಲ್ಲ.

ಬೆಣೆ:
ಬೀಸೋ ಮುಂಚೆ ಪ್ರತಿ ಸಲ ಹಿಡಿಯ ಬಿದಿರ ಬೆಣೆ ಮುಟ್ಟಿ ನೋಡಿ. ಮೆಕುಗಿ ಅಂತಾರಲ್ಲ, ಅದು. ಸಡಿಲವಾಗಿದ್ದರೆ ಅಲಗು ಹಿಡಿಯಿಂದ ಹಾರಿಹೋಗಬಹುದು. ಎದುರಿಗೂ ಪಕ್ಕಕ್ಕೂ ಯಾರೂ ಇರಬಾರದು. ಇನ್ನೊಂದು, ಜಪಾನಿನ ಹರಿತವಿಲ್ಲದ ಅಭ್ಯಾಸದ ಕತ್ತಿ ಇಯಾಯ್‌ತೋ ಸಾಮಾನ್ಯವಾಗಿ ಸತು ಮತ್ತು ಅಲ್ಯೂಮಿನಿಯಂ ಬೆರಕೆಯದ್ದು. ಅದರಲ್ಲಿ ಏನನ್ನೂ ಕಡಿಯಬೇಡಿ, ಮುರಿಯುತ್ತದೆ. ಕೆಲಸ ಮುಗಿದ ತಕ್ಷಣ ಅಲಗು ಒರೆಸಿ ಎಣ್ಣೆ ಹಚ್ಚಿ. ಒದ್ದೆ ಜೊಂಡಿನ ನೀರು ಬೇಗ ಕಲೆ ಮಾಡುತ್ತದೆ.

ಹಳೇಕಥೆ:
ಜಪಾನಿನ ಎದೋ ಕಾಲದಲ್ಲಿ (17-19ನೇ ಶತಮಾನ) ಚಾಪೆಯ ಜಾಗದಲ್ಲಿ ಮರಣದಂಡನೆಯಾದವರ ಹೆಣ ಇರುತ್ತಿತ್ತು. ಯಾಮಾದಾ ಅಸಾಎಮೋನ್ ಮನೆತನದವರಿಗೆ ಇದೇ ಕೆಲಸ. ಪರೀಕ್ಷೆಯ ಫಲವನ್ನು ಹಿಡಿಯೊಳಗೆ ಕೂರುವ ಅಲಗಿನ ಬುಡದಲ್ಲಿ ಕೆತ್ತಿಸುವುದೂ ಇತ್ತು. ಆಗ ಪರೀಕ್ಷೆ ಕತ್ತಿಗೆ.

ಮರಗತ್ತಿ:
ಹಳೇಕಥೆ ಸಾರ್, ಇದನ್ನ ಊಟ ಮಾಡುತ್ತಾ ಓದಿದೆ, ಥ್ಯಾಂಕ್ಸ್.

ಒದ್ದೆಚಾಪೆ ಅಣ್ಣ, ನಿನ್ನೆ ತುಂಡು ಎತ್ತಿ ನೋಡಿದೆ. ಪಕ್ಕಾ ಚಮಚ! ಬಲದಿಂದ ಹೊಡೆದದ್ದರಲ್ಲೂ ಸಣ್ಣ ಗುಳಿ ಇತ್ತು. ಅದು ಚೆನ್ನಾಗಿದೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಬಲಗೈಯ ಹೆಬ್ಬೆರಳು, ತೋರುಬೆರಳು ಸಡಿಲ ಬಿಟ್ಟು, ಕಿರುಬೆರಳ ಕಡೆಯಿಂದ ಹಿಡಿದು ನಿಧಾನವಾಗಿ ಬೀಸಿದೆ. ಮೊದಲ ಎರಡು ಸಿಕ್ಕಿಕೊಂಡವು. ಮೂರನೆಯದರಲ್ಲಿ ಕೈಗೆ ಏನೂ ತಗುಲಲೇ ಇಲ್ಲ, ಗುರಿ ತಪ್ಪಿತು ಅಂದುಕೊಂಡೆ. ಚಾಪೆ ಹಾಗೇ ನಿಂತಿತ್ತು. ಆಮೇಲೆ ಮೇಲಿನ ತುಂಡು ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಕ್ವಾನ್‌ಜಾಂಗ್‌ನಿಮ್ ಅದನ್ನು ಎತ್ತಿ, ಮುಖ ಸವರಿ, ನನ್ನ ಕೈಗೆ ಕೊಟ್ಟು ಹೋದರು.

ನಾಲ್ಕನೆಯದು ಮತ್ತೆ ಅರ್ಧಕ್ಕೇ ನಿಂತಿತು.