ಐಸ್‌ಲ್ಯಾಂಡ್‌ನಲ್ಲಿ ಆರು ದಿನ: ಏನನ್ನು ನೋಡಬೇಕು, ಏನನ್ನು ಬಿಡಬೇಕು?

ಪ್ರಶ್ನೆ: ಸೆಪ್ಟೆಂಬರ್ ಮಧ್ಯದಲ್ಲಿ ಎಪ್ಪತ್ತರ ಆಸುಪಾಸಿನ ತಂದೆ ತಾಯಿಯೊಂದಿಗೆ ಆರು ದಿನಗಳ ಮಟ್ಟಿಗೆ ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ಬಾಡಿಗೆ ಕಾರಿನಲ್ಲಿ ಇಡೀ ದ್ವೀಪವನ್ನು ಸುತ್ತಬೇಕೆಂಬ ಆಸೆಯಿದೆ. ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಬೇಕು.

ಮೊದಲ ಉತ್ತರ: ದ್ವೀಪ ಸುತ್ತುವ ಯೋಚನೆಯನ್ನು ಈ ಸಲ ಕೈಬಿಡಿ ಎಂದೇ ನನ್ನ ಸಲಹೆ. ವರ್ತುಲ ರಸ್ತೆ ಸುಮಾರು 1,300 ಕಿಲೋಮೀಟರ್ ಉದ್ದವಿದ್ದು, ಆರು ದಿನಗಳಲ್ಲಿ ಅದನ್ನು ಮುಗಿಸಲು ಹೊರಟರೆ ಹಿರಿಯರಿಗೆ ಕಾರಿನ ಕಿಟಕಿಯೇ ಐಸ್‌ಲ್ಯಾಂಡ್ ಆಗಿಬಿಡುತ್ತದೆ. ದಕ್ಷಿಣ ಕರಾವಳಿಯೊಂದನ್ನೇ ನಿಧಾನವಾಗಿ ನೋಡಿ. ರಾಜಧಾನಿ ರೇಕ್ಯಾವಿಕ್‌ನಿಂದ ಯೋಕುಲ್ಸಾರ್ಲೋನ್ ಸರೋವರಕ್ಕೆ ಸುಮಾರು 370 ಕಿಲೋಮೀಟರ್. ನಡುವೆ ಎರಡು ಕಡೆ ತಂಗಿ ಹೋದದ್ದರಿಂದ ನಮ್ಮ ತಾಯಿಗೆ ಆಯಾಸವಾಗಲಿಲ್ಲ. ವಾಟ್ನಾಯೋಕುಲ್ ಹಿಮರಾಶಿಯ ಒಂದು ಕವಲು ಈ ಸರೋವರದಲ್ಲಿ ಕೊನೆಗೊಳ್ಳುತ್ತದೆ. ಅದರಿಂದ ಕಳಚಿ ಬಿದ್ದ ಮಂಜುಗಡ್ಡೆಯ ಬಂಡೆಗಳು ನೀರಿನಲ್ಲಿ ತೇಲುತ್ತಾ ಚಿಕ್ಕದೊಂದು ಕಾಲುವೆಯ ಮೂಲಕ ಸಮುದ್ರ ಸೇರುತ್ತವೆ, ಅಲೆಗಳು ಅವನ್ನು ಮತ್ತೆ ಕಪ್ಪು ಮರಳಿನ ಮೇಲೆ ತಂದು ಹಾಕುತ್ತವೆ. ತೆಂಗಿನಕಾಯಿ ಗಾತ್ರದ ಒಂದು ತುಂಡನ್ನು ತಾಯಿ ಎತ್ತಿಕೊಂಡು ಬಿಸಿಲಿಗೆ ಹಿಡಿದರು. ಒಳಗೆ ಸಾಸಿವೆ ಕಾಳಿನಷ್ಟು ಸಣ್ಣ ಗಾಳಿಗುಳ್ಳೆಗಳು ಕಾಣುತ್ತಿದ್ದವು; ಎಂದೋ ಬಿದ್ದ ಹಿಮದ ನಡುವೆ ಸಿಕ್ಕಿಕೊಂಡಿದ್ದ ಗಾಳಿ ಅದು. ಕೈ ಮರಗಟ್ಟುವವರೆಗೂ ಅವರು ಅದನ್ನು ಕೆಳಗಿಡಲಿಲ್ಲ. ಇಲ್ಲಿಗೆ ಅರ್ಧ ದಿನವನ್ನಾದರೂ ಮೀಸಲಿಡಿ.

ಎರಡನೆಯ ಉತ್ತರ: ಮೇಲಿನ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ರಾಜಧಾನಿಯ ಸಮೀಪದ ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನ, ಸ್ಟ್ರೋಕ್ಕುರ್ ಮತ್ತು ಗುಲ್‌ಫಾಸ್ ಜಲಪಾತಕ್ಕೆ ಒಂದು ದಿನ ಸಾಕು. ಸ್ಟ್ರೋಕ್ಕುರ್ ಬಿಸಿನೀರಿನ ಚಿಲುಮೆ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷಗಳಿಗೊಮ್ಮೆ ಚಿಮ್ಮುತ್ತದೆ. ಚಿಮ್ಮುವ ಕ್ಷಣಕ್ಕೆ ಮುನ್ನ ನೀರು ನೀಲಿ ಗುಮ್ಮಟದಂತೆ ಉಬ್ಬುತ್ತದೆ. ಫೋಟೊ ತೆಗೆಯುವ ಆತುರದಲ್ಲಿ ಅದನ್ನು ತಪ್ಪಿಸಿಕೊಳ್ಳಬೇಡಿ. 253 ಮೀಟರ್ ಎತ್ತರದ ಜೋಗವನ್ನು ಕಂಡ ನಮಗೆ 32 ಮೀಟರಿನ ಗುಲ್‌ಫಾಸ್ ಗಿಡ್ಡವೆನಿಸಬಹುದು, ಆದರೆ ಇಡೀ ನದಿಯೇ ಎರಡು ಹಂತಗಳಲ್ಲಿ ತಿರುಗಿ ಇಕ್ಕಟ್ಟಾದ ಕಮರಿಗೆ ಧುಮುಕುವುದನ್ನು ಪಕ್ಕದಲ್ಲೇ ನಿಂತು ನೋಡುವ ಅನುಭವ ಬೇರೆಯೇ.

ಮೂರನೆಯ ಉತ್ತರ: ದಕ್ಷಿಣ ಕರಾವಳಿಯಲ್ಲಿರುವ ರೇನಿಸ್‌ಫ್ಯಾರಾದ ಕಪ್ಪು ಕಡಲತೀರದ ಬಗ್ಗೆ ಒಂದು ಎಚ್ಚರಿಕೆ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿರುವಂತಹ ಕಂಬಶಿಲೆಗಳು ಅಲ್ಲಿಯೂ ಇವೆ, ಅವನ್ನು ನೋಡುವ ಉತ್ಸಾಹದಲ್ಲಿ ಜನರು ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಾರೆ. ಸಣ್ಣ ಅಲೆಗಳ ನಡುವೆ ಸೂಚನೆಯಿಲ್ಲದೆ ದೊಡ್ಡ ಅಲೆಯೊಂದು ಬಹುದೂರ ನುಗ್ಗಿ ಬರುತ್ತದೆ. ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ಎಚ್ಚರಿಕೆಯ ಕೆಂಪು ದೀಪ ಉರಿಯುತ್ತಿದ್ದರೆ ಮರಳಿಗೆ ಇಳಿಯಲೇಬೇಡಿ. ಗಾಳಿಯೂ ಅಷ್ಟೇ ಅಪಾಯಕಾರಿ. ಒಂದು ವಾಹನ ನಿಲುಗಡೆಯಲ್ಲಿ ನಾನು ಬಾಗಿಲು ತೆರೆದ ಕೂಡಲೇ ಗಾಳಿ ಅದನ್ನು ಕಿತ್ತುಕೊಂಡಂತೆ ಹಿಂದಕ್ಕೆ ಬಾಗಿಸಿತು, ದುರಸ್ತಿಯ ಹಣ ವಿಮೆಯಿಂದ ಸಿಗಲಿಲ್ಲ. ಆದ್ದರಿಂದ ಕಾರನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ. ತಂದೆ ತಾಯಿ ಇಳಿಯುವ ಮೊದಲು ನೀವೇ ಹೊರಬಂದು ಅವರ ಕಡೆಯ ಬಾಗಿಲನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳಿ.